ತಾಯಿಗೆ ಕೇಳದ ಹರಕೆ

ವಾಡಿ ಜಂಕ್ಷನ್ನಿನ ಯಾರ್ಡಿನಲ್ಲಿ ಎಂಜಿನ್ನು ಹಿಂದಕ್ಕೆ ಬಂದು ಸಾಲಾಗಿ ನಿಂತ ವ್ಯಾಗನ್ನುಗಳಿಗೆ ತಾಗಿದರೆ ಒಂದು ಸಪ್ಪಳ ಹುಟ್ಟುತ್ತಿತ್ತು. ಮೊದಲನೆಯದು ಧಡ್ ಎಂದು ಎದೆಗೇ ಗುದ್ದುವಂತೆ, ಎರಡನೆಯದು ಚೂರು ಸಣ್ಣಗೆ, ಮೂರನೆಯದು ಇನ್ನೂ ಸಣ್ಣಗೆ. ಹೀಗೆ ಒಂದರಿಂದ ಒಂದಕ್ಕೆ ದಾಟುತ್ತ ಶಹಾಬಾದ ಕಡೆಯ ಸಿಗ್ನಲ್ ಹತ್ತಿರ ಅದು ಕರಗಿಹೋಗುತ್ತಿತ್ತು. ನಮ್ಮ ರೈಲ್ವೆ ಕ್ವಾರ್ಟರ್ಸಿನ ಗೂಡಿನಲ್ಲಿದ್ದ ಹಿತ್ತಾಳೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ನನ್ನ ಮಗಳು ಸರೋಜಾ, ಆರು ವರ್ಷದವಳು, ಮನೆಯಲ್ಲಿ ಸರು ಎನ್ನುತ್ತಿದ್ದೆವು. ಅವಳು ಹೊಸ್ತಿಲ ಮೇಲೆ ಕುಳಿತು ಆ ಸಪ್ಪಳಗಳನ್ನು ಎಣಿಸುತ್ತಿದ್ದಳು. ಅವಳಿಗೆ ಎಣಿಕೆ ಹದಿನೆಂಟರವರೆಗೆ ಮಾತ್ರ ಬರುತ್ತಿತ್ತು. ಆಮೇಲೆ ಒಳಗೆ ತಲೆ ಹಾಕಿ ಕೇಳುತ್ತಿದ್ದಳು: "ಅವ್ವಾ, ಹದಿನೆಂಟ ಆದಮ್ಯಾಲ ಏನು?"

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷ, ಭಾದ್ರಪದದ ಒಂದು ಮಧ್ಯಾಹ್ನ ಅವಳು ಹಾಗೆ ಕೇಳಿದಾಗ ನಾನು ಅಡುಗೆಮನೆಯ ಫರಸಿ ಕಲ್ಲಿನ ನೆಲದ ಮೇಲೆ ಕಾಗದ ಹರವಿಕೊಂಡು ಕಥೆ ಬರೆಯುತ್ತಿದ್ದೆ. ಇಂಗ್ಲಿಷ್ ಕಥೆ. ಬಾಂಬೆಯ ಒಂದು ಮ್ಯಾಗಜೀನಿಗೆ ಮರುದಿನದ ಟಪಾಲಿನಲ್ಲಿ ಕಳಿಸಬೇಕಿತ್ತು. ತಲೆ ಎತ್ತದೆ "ಸೈಲೆನ್ಸ್ ಪ್ಲೀಸ್, ಸರು" ಎಂದೆ. ಅವಳು ಇನ್ನೊಮ್ಮೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಎಣಿಕೆ ನಿಂತಿತು. ತಾಯಂದಿರೇ, ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಕಥೆ ಮುಗಿಸಿ, ಫೇರ್ ಕಾಪಿ ಮಾಡಿ, ಚಹಾಕ್ಕೆ ನೀರಿಡಲು ಎದ್ದಾಗ ನೋಡುತ್ತೇನೆ: ಮಗು ಹೊಸ್ತಿಲಿಗೆ ಕೆನ್ನೆ ಆನಿಸಿ ಮಲಗಿದೆ. ಮೈ ಕೆಂಡ.

ಅಮಾವಾಸ್ಯೆಗೆ ಆಡಕಿಯ ಕಾಶಮ್ಮ ತಾಯಿಯ ಗದ್ದುಗೆಗೆ ಬರುವ ನೀವೆಲ್ಲ ನನ್ನನ್ನು ಬಲ್ಲಿರಿ. ಕೋಲೂರಿಕೊಂಡು ಬಂದು ಕಂಬದ ಹತ್ತಿರ ಕೂಡುವ ಕಸ್ತೂರಿಬಾಯಿ ನಾನೇ. ಹೊಸದಾಗಿ ಬರುವ ಸೊಸೆಯಂದಿರು "ಅಮ್ಮಾ, ನಿಮಗ ತಾಯಿ ಏನು ಕೊಟ್ಟಾಳ್ರಿ?" ಎಂದು ಕೇಳುತ್ತಾರೆ. ಮಗು ಕೊಟ್ಟಳು, ಬೇನೆ ಕಳೆದಳು ಎಂದು ಹೇಳುವಂಥದ್ದು ನನ್ನ ಹತ್ತಿರ ಇಲ್ಲ. ಇರುವುದನ್ನು ಇಲ್ಲಿ ಬರೆದಿದ್ದೇನೆ. ಎಂಬತ್ತು ದಾಟಿದೆ, ಹ್ಯಾಂಡ್‌ರೈಟಿಂಗ್ ನಡುಗುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ತಂದೆ ನಿಜಾಮರ ಕಾಲದಲ್ಲಿ ಕಚೇರಿಯ ಮುನ್ಷಿ. ತಾಯಿ ಇಲ್ಲದ ಹುಡುಗಿ ಎಂದು ನನ್ನನ್ನು ಸಿಕಂದರಾಬಾದಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಕೊರಳಲ್ಲಿ ಲಿಂಗ, ಮೈಮೇಲೆ ನೀಲಿ ಯೂನಿಫಾರ್ಮು. ಇಂಗ್ಲಿಷ್ ಕಲಿತೆ, ಉರ್ದು ಕಲಿತೆ, ಕನ್ನಡ ಮಾತ್ರ ಬಾಯಲ್ಲೇ ಉಳಿಯಿತು, ಬರವಣಿಗೆಗೆ ಬರಲಿಲ್ಲ. ನಮಗೆ ಕಾಂಪೊಸಿಷನ್ ಕಲಿಸಿದವರು ಸಿಸ್ಟರ್ ಅಗಾಥಾ. ಒಮ್ಮೆ ನನ್ನ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು "ಒನ್ ಡೇ ಯು ವಿಲ್ ರೈಟ್ ಎ ಬುಕ್, ಮೈ ಚೈಲ್ಡ್" ಎಂದರು. ನಾನು ಶಾಲೆ ಬಿಟ್ಟು ಹೊರಡುವಾಗ ನೀಲಿ ರಟ್ಟಿನ ಒಂದು ಕಥೆ ಪುಸ್ತಕ ಕೊಟ್ಟರು. ಅವರು ಇನ್ನೂ ಎರಡು ಕಲಿಸಿದ್ದರು. ಅಳು ಬಂದರೆ ಕರ್ಚೀಫಿನಲ್ಲಿ ಅಳಬೇಕು. ಪ್ರಾರ್ಥನೆ ಬಾಯಿ ಮುಚ್ಚಿ ಮಾಡಬೇಕು, ಗಾಡ್ ಹಿಯರ್ಸ್ ಈವನ್ ಎ ಥಾಟ್. ಈ ಎರಡೂ ನನ್ನ ಎಲುಬಿಗೆ ಇಳಿದಿದ್ದವು.

ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನನ್ನ ಮದುವೆಯಾಯಿತು. ನಮ್ಮ ಯಜಮಾನರು ವಾಡಿಯಲ್ಲಿ ಗೂಡ್ಸ್ ಕ್ಲರ್ಕ್. ಅತ್ತೆ ಗುರಮ್ಮನವರು ಆಡಕಿಯ ಹೊಲಮನೆ ನೋಡಿಕೊಂಡು ಅಲ್ಲೇ ಇರುತ್ತಿದ್ದರು. ಮದುವೆಯಾದ ಮೊದಲ ವರ್ಷ ನಾನು ಅವರ ಹತ್ತಿರ ಆಡಕಿಯಲ್ಲಿದ್ದಾಗ ಸಿಸ್ಟರ್ ಕೊಟ್ಟ ಪುಸ್ತಕ ಕಾಣೆಯಾಯಿತು. "ಇಲಿ ತಿಂದಿರಬೇಕು" ಎಂದರು ಅತ್ತೆ. ರಟ್ಟನ್ನೂ ತಿನ್ನುವ ಇಲಿ ಯಾವುದೆಂದು ನಾನು ಕೇಳಲಿಲ್ಲ.

ವಾಡಿಗೆ ಬಂದ ಮೇಲೆ ಹದಿನೈದು ವರ್ಷ ಬರೆದೆ. ಯಜಮಾನರು ಆಫೀಸಿನಲ್ಲಿ ರದ್ದಾದ ಫಾರಂಗಳನ್ನು ತಂದುಕೊಡುತ್ತಿದ್ದರು, ಅವುಗಳ ಹಿಂಬದಿ ಖಾಲಿ ಇರುತ್ತಿತ್ತು. ನಾನು ಕಾಣದ ಹಿಮದ ಮೇಲೆ, ಕಾಣದ ಹೂವಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ಎಲ್ಲವೂ ತಿರುಗಿ ಬಂದವು, ಜೊತೆಗೆ ಒಂದು ಅಚ್ಚಾದ ಚೀಟಿ: ದಿ ಎಡಿಟರ್ ರಿಗ್ರೆಟ್ಸ್. ಎರಡು ಬಸಿರು ಇಳಿದ ಮೇಲೆ ಸರು ಹುಟ್ಟಿದಳು. ಆಗಲೂ ನಾನು ಬಿಡಲಿಲ್ಲ. ಅವಳನ್ನು ಹೊಸ್ತಿಲಲ್ಲಿ ಕೂಡ್ರಿಸಿ ಬರೆಯುತ್ತಿದ್ದೆ.

ಜ್ವರ ಮೂರು ದಿನವಾದರೂ ಇಳಿಯದಿದ್ದಾಗ ಪ್ಯಾಸೆಂಜರ್ ಹಿಡಿದು ಕಲಬುರಗಿಗೆ ಹೊರಟೆವು. ಶಹಾಬಾದಿನಲ್ಲಿ ಗೂಡ್ಸಿಗೆ ದಾರಿ ಬಿಡಲೆಂದು ಗಾಡಿ ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರ್ಮಿನ ಆಚೆ ಒಡೆದ ಫರಸಿಗಳನ್ನು ಆಳೆತ್ತರ ಒಟ್ಟಿದ್ದರು. ಯಜಮಾನರು ಇಳಿದು ಟವಲು ತೋಯಿಸಿಕೊಂಡು ಬಂದರು. ಸರು ನನ್ನ ತೊಡೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದಳು. ಹದಿನಾರು, ಹದಿನೇಳು, ಹದಿನೆಂಟು, ಮತ್ತೆ ಒಂದರಿಂದ.

ದೊಡ್ಡ ದವಾಖಾನೆಯ ಡಾಕ್ಟರರು ಒಳ್ಳೆಯವರು. ಮರೆಮಾಚಲಿಲ್ಲ. "ಮೆದುಳಿಗೆ ಏರಿದೆಯಮ್ಮ, ನೋಡೋಣ" ಎಂದರು. ದವಾಖಾನೆ ಸೇರಿದ ನಾಲ್ಕನೆಯ ದಿನ ಆಡಕಿಯಿಂದ ಅತ್ತೆ ಬಂದರು. ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ಮಗನನ್ನು ಮಂಚದ ಹತ್ತಿರ ಕೂಡ್ರಿಸಿ, ನನ್ನ ಕೈ ಹಿಡಿದು ಎಬ್ಬಿಸಿದರು.

"ನಡಿ ಗದ್ದುಗಿಗಿ. ಸಂಜಿ ಒಳಗ ತಿರುಗಿ ಬರೋಣ."

ಸೇಡಂ ಬಸ್ಸು ಹಿಡಿದೆವು. ಆಡಕಿಯಲ್ಲಿ ಇಳಿದು ಕಾಲುದಾರಿ ಹಿಡಿದು ತಾಯಿಯ ಗದ್ದುಗೆಗೆ ಹೋದೆವು. ಅಲ್ಲಿಯ ಪದ್ಧತಿ ನಿಮಗೆ ಗೊತ್ತೇ ಇದೆ, ಹೊಸಬರಿಗಾಗಿ ಹೇಳುತ್ತೇನೆ. ಕಾಶಮ್ಮ ತಾಯಿ ಆಡಕಿಯಲ್ಲೇ ಬದುಕಿ ಐಕ್ಯಳಾದ ಶರಣೆ, ಕಡೆಗಾಲದಲ್ಲಿ ಆಕೆಗೆ ಕಿವಿ ಕೇಳುತ್ತಿರಲಿಲ್ಲವಂತೆ. ಆದ್ದರಿಂದ ಅಲ್ಲಿ ಮನಸ್ಸಿನಲ್ಲಿ ಬೇಡಿದ್ದು ನಡೆಯುವುದಿಲ್ಲ. ಗದ್ದುಗೆಯ ಕಲ್ಲಿಗೆ ಹಣೆ ಹಚ್ಚಿ, ಹೆಸರು ಊರು ಹೇಳಿ, ಬಾಯಿ ಬಿಟ್ಟು ಬೇಡಬೇಕು. ಹಿಂದೆ ನಿಂತವರಿಗೆಲ್ಲ ಕೇಳಿಸುತ್ತದೆ, ಕೇಳಿಸಲಿ.

ಅತ್ತೆ ಹಣೆ ಹಚ್ಚಿ ಕೂಗಿದರು. "ತಾಯೀ, ನಾ ಆಡಕಿ ಗುರಮ್ಮ! ನನ್ನ ಮೊಮ್ಮಗಳು ಸರೋಜಾ, ಕಲಬುರ್ಗಿ ದವಾಖಾನಿಯಾಗ ಮಲಗ್ಯಾಳ. ಆಕಿನ್ನ ಬಿಡು, ನನ್ನ ಒಯ್ಯಿ! ಕೇಳಿಸ್ತೇನು? ನನ್ನ ಒಯ್ಯಿ!"

ನನ್ನ ಸರದಿ ಬಂತು. ಕಲ್ಲು ತಣ್ಣಗಿತ್ತು. ಹಿಂದೆ ಐದಾರು ಜನ ಹೆಂಗಸರು. ನನ್ನ ತುಟಿ ಬಿಚ್ಚಲಿಲ್ಲ. ಅತ್ತೆ ಪಕ್ಕೆಗೆ ತಿವಿದು "ಬಾಯಿ ಬಿಟ್ಟು ಕೇಳಲೇ, ಆಕಿಗಿ ಕಿವಿ ಕೇಳಂಗಿಲ್ಲ!" ಎಂದರು. ಐ ಕುಡ್ ನಾಟ್. ಬಾಯಿ ಮುಚ್ಚಿಯೇ ಬೇಡಿದೆ: ಮಗು ಉಳಿದರೆ ಬರೆಯುವುದನ್ನು ಬಿಡುತ್ತೇನೆ, ಜನ್ಮದಲ್ಲಿ ಒಂದಕ್ಷರ ಬರೆಯುವುದಿಲ್ಲ. ಅದಕ್ಕಿಂತ ದೊಡ್ಡದು ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಎರಡು ದಿನಕ್ಕೆ, ಬೆಳಗಿನ ರೌಂಡಿಗೆ ಡಾಕ್ಟರರು ಬರುವ ಮೊದಲೇ, ಸರು ಹೋದಳು.

ಅವಳನ್ನು ಆಡಕಿಗೆ ತಂದೆವು. ಹೊಲದ ಬದುವಿನ ಹತ್ತಿರ, ನಮ್ಮ ಪದ್ಧತಿಯಂತೆ ಕೂಡ್ರಿಸಿ, ಮಣ್ಣು ಕೊಟ್ಟರು. ಮನೆ ತುಂಬ ಹೆಂಗಸರು ಬಂದರು. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುತ್ತಾರೆ. ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಹೋದವರ ಗುಣ, ಉಟ್ಟದ್ದು, ಉಂಡದ್ದು ಎಲ್ಲ ಮಾತು ಕಟ್ಟಿ ರಾಗ ಮಾಡಿ ಹೇಳುತ್ತ ಅಳುತ್ತಾರೆ. ವ್ಯಾಗನ್ನಿಗೆ ನಮ್ಮ ಕಡೆ ಡಬ್ಬಿ ಎನ್ನುತ್ತಾರೆ. ಅತ್ತೆ ಅತ್ತದ್ದು ಇದು:

ಹದಿನೆಂಟು ಡಬ್ಬಿ ಎಣಿಸೀದೆವ್ವ ನನ ಕೂಸೆ
ಹತ್ತೊಂಬತ್ತನೇದು ಯಾವೂರಿಗಿ ಹೋಯ್ತವ್ವಾ
ಹಾಲೀನ ಕೆನಿ ಕಂಡ್ರ ಮಾರಿ ತಿರುವೂವಾಕಿ
ಮಣ್ಣೀನ ಮನಿಯಾಗ ಹ್ಯಾಂಗ ಉಣತೀಯವ್ವಾ

ಇನ್ನೂ ಬಹಳ ಇತ್ತು. ಕಾಲ್ಗೆಜ್ಜೆ, ಹಲ್ಲು ಬಿದ್ದ ಸಂದು, ಎಡಗೈಲೆ ತಿನ್ನುತ್ತಿದ್ದದ್ದು. ನಾನು ಗೋಡೆಗೆ ಆತು ಕರ್ಚೀಫು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ನನಗೆ ಒಂದು ಮಾತೂ ಕಟ್ಟಲು ಬರಲಿಲ್ಲ. ಪಕ್ಕದ ಮನೆಯ ಮಲ್ಲಮ್ಮ ನನ್ನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು: "ಏನವ್ವ, ಇಂಗ್ಲಿಷ ಸಾಲ್ಯಾಗ ಅಳೋದು ಕಲಸಂಗಿಲ್ಲೇನು? ಹೆತ್ತ ಹೊಟ್ಟಿ ಅದನೋ ಕಲ್ಲ ಅದನೋ!"

ಅದಕ್ಕಿಂತ ಕೆಟ್ಟದ್ದು ನನ್ನೊಳಗೇ ನಡೆದಿತ್ತು, ಅದು ಮಲ್ಲಮ್ಮನಿಗೆ ಗೊತ್ತಿಲ್ಲ. ಅತ್ತೆಯ ಹಾಡು ಕೇಳುತ್ತ, ಮಗಳ ಮಣ್ಣು ಇನ್ನೂ ಹಸಿ ಇರುವಾಗಲೇ, ನನ್ನ ತಲೆಯಲ್ಲಿ ಒಂದು ಯೋಚನೆ ಬಂತು: ಇದನ್ನು ಬರೆದಿಡಬೇಕು. ಇದು ನಾನು ಬರೆದ ಎಲ್ಲಕ್ಕಿಂತ ಚೆನ್ನಾಗಿದೆ. ಐ ವಾಸ್ ಸೋ ಅಶೇಮ್ಡ್. ಆ ಕ್ಷಣಕ್ಕಾಗಿ ನನ್ನನ್ನು ನಾನು ಕ್ಷಮಿಸಲಾರದೆ ಹೋದೆ.

ಹರಕೆ ಮುರಿದುಬಿದ್ದಿತ್ತು, ಮಗು ಉಳಿದಿರಲಿಲ್ಲ. ಆದರೂ ನಾನು ಹರಕೆ ನಡೆಸಿದೆ. ಪೆನ್ನು, ಕಥೆಗಳು, ಸರುವಿನ ಒಂದನೇ ಕ್ಲಾಸಿನ ಪುಸ್ತಕ ಎಲ್ಲವನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದೆ. ಬಾಂಬೆಗೆ ಕಳಿಸಬೇಕಿದ್ದ ಆ ಫೇರ್ ಕಾಪಿಯೂ ಅದರಲ್ಲೇ ಹೋಯಿತು. ಯಜಮಾನರದು ಮೊದಲೇ ಮಾತು ಕಡಿಮೆ. ಆದರೆ ರದ್ದಾದ ಫಾರಂಗಳನ್ನು ತರುವುದನ್ನು ಅವರು ನಿಲ್ಲಿಸಲಿಲ್ಲ. ತಂದು ಟ್ರಂಕಿನ ಮೇಲೆ ಇಡುತ್ತಿದ್ದರು. ಗಂಟಿನ ಮೇಲೆ ಗಂಟು, ಗೋಡೆಯ ಅರ್ಧಕ್ಕೆ ಏರಿತು.

ಯಾರ್ಡಿನ ಸಪ್ಪಳ ಕೇಳಿಸದ ಕ್ವಾರ್ಟರ್ಸು ವಾಡಿಯಲ್ಲಿ ಇರಲಿಲ್ಲ. ದಿನಕ್ಕೆ ಹತ್ತು ಸಲ ಆ ಧಡ್ ಧಡ್ ಬಂದು ಹದಿನೆಂಟು ದಾಟಿ ಹೋಗುತ್ತಿತ್ತು. ಪೂಜೆಗೆ ಕುಳಿತರೆ ಅಂಗೈಯಲ್ಲಿ ಲಿಂಗ ಇರುತ್ತಿತ್ತು, ಎದುರಿಗೆ ಯಾರೂ ಇಲ್ಲದಂತೆ ಅನಿಸುತ್ತಿತ್ತು. ಒಂದು ಮಧ್ಯಾಹ್ನ ಹಳಿಯ ಬದಿಗೆ ಹೋಗಿ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ. ಹಳಿ ಬದಲಿಸುವ ಒಬ್ಬ ಪಾಯಿಂಟ್ಸ್‌ಮನ್ ಹಸಿರು ಝಂಡಾ ಬಿಚ್ಚುತ್ತ "ಬಾಯೀ, ಈಚೀಕ ಬರ್ರಿ, ಗಾಡಿ ಬರ್ಲಿಕತ್ತದ" ಅಂದ. ಬಂದೆ. ಬದುಕುವ ಆಸೆಯಿಂದ ಬಂದದ್ದಲ್ಲ, ಹೇಳಿದ ಮಾತು ಕೇಳುವುದು ರೂಢಿಯಾಗಿತ್ತು, ಅದಕ್ಕೆ ಬಂದೆ.

ಹೀಗೆ ನಾಲ್ಕು ವರ್ಷ. ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಪೊರೆ ಬಲಿತು, ಯಜಮಾನರು ಅವರನ್ನು ವಾಡಿಗೆ ಕರೆತಂದರು. ಕಣ್ಣು ಕಾಣದಿದ್ದರೂ ಕೈ ಸುಮ್ಮನಿರುವ ಹೆಂಗಸಲ್ಲ. ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಬೆರಳಿನಿಂದಲೇ ಕಲ್ಲು ಆರಿಸುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಆರಿಸುತ್ತ ಸಣ್ಣ ದನಿಯಲ್ಲಿ ಸರುವಿನ ಹಾಡು ತೆಗೆದರು. ಹಾಲಿನ ಕೆನೆಯವರೆಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅಲ್ಲೇ ನಿಂತರು.

"ಏ ಕಸ್ತೂರಿ, ಕೆನಿ ಆದಮ್ಯಾಲ ಏನು?"

ಯಾರ್ಡಿನಲ್ಲಿ ಸಪ್ಪಳ ಹರಿದುಹೋಗುತ್ತಿತ್ತು. ಈ ಸಲ ನಾನು ಉತ್ತರ ಕೊಟ್ಟೆ.

"ಮಣ್ಣಿನ ಮನಿರಿ ಅತ್ತಿ. ಆಮ್ಯಾಲ ಗೆಜ್ಜಿ. ಗೆಜ್ಜಿ ಆದಮ್ಯಾಲ ಹಲ್ಲು." ಪೂರ್ತಿ ಹೇಳಿದೆ, ಒಂದು ಮಾತು ಬಿಡದೆ.

ಅತ್ತೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಯವ್ವಾ! ಎಲ್ಲಾ ಇಟ್ಕೊಂಡೀಯಲ್ಲ. ಬರದಿಟ್ಟೀಯೇನು?"

"ಇಲ್ರಿ. ನಾ ಬರಿಯೋದು ಬಿಟ್ಟೀನಿ. ಹರಕಿ ಅದ."

"ಯಾರಿಗಿ?"

"ತಾಯಿಗಿರಿ. ಸರು ಉಳದ್ರ ಬರಿಯೋದು ಬಿಡ್ತೀನಂತ ಗದ್ದುಗಿ ಮುಂದ ಬೇಡ್ಕೊಂಡಿದ್ದೆ."

"ಉಳೀಲಿಲ್ಲಲ್ಲ."

"ಉಳೀಲಿಲ್ರಿ."

"ಮತ್ತ್ಯಾಕ ಬಿಟ್ಟಿ?"

ಆಗ ಹೇಳಿದೆ. ಆ ಮಧ್ಯಾಹ್ನ, ಆ ಇಂಗ್ಲಿಷ್ ಕಥೆ, ಸೈಲೆನ್ಸ್ ಪ್ಲೀಸ್ ಅಂದದ್ದು, ಎಣಿಕೆ ನಿಂತಾಗ ಸಮಾಧಾನ ಆದದ್ದು. ಗಂಡನಿಗೂ ಹೇಳಿರಲಿಲ್ಲ. ಹೇಳುತ್ತಿದ್ದಂತೆ ಮೊರದಲ್ಲಿ ಅತ್ತೆಯ ಬೆರಳು ನಿಂತಿತು. ಬಯ್ಯುತ್ತಾರೆ, ಹೊಡೆಯುತ್ತಾರೆ, ಹೊಡೆದರೆ ಒಳ್ಳೆಯದು ಎಂದುಕೊಂಡೆ. ಅವರು ಒಂದೇ ಮಾತು ಕೇಳಿದರು.

"ಬಾಯಿ ಬಿಟ್ಟು ಬೇಡಿದ್ದೇನು?"

"ಇಲ್ರಿ. ಮನಸ್ಸಿನಾಗ."

"ಮನಸ್ಸಿನಾಗ!" ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ಹುಚ್ಚಿ! ಹಂಗಿದ್ರ ಆಕಿಗಿ ಕೇಳೇ ಇಲ್ಲ. ಕೇಳದ ಹರಕಿ ಯಾರು ಕಟ್ಟಿಕೊಳ್ಳತಾರ? ನಾಕು ವರ್ಷ ನೀ ಯಾರಿಗಿ ತೀರಸಲಿಕತ್ತೀದಿ?"

ನಗು ನನಗೆ ಬರಲಿಲ್ಲ. "ಹಂಗಾದ್ರ ಅತ್ತಿ, ನಾ ಬಾಯಿ ಬಿಟ್ಟು ಕೇಳಿದ್ರ ಆಕಿ ಉಳೀತಿದ್ಳೇನ್ರಿ?"

ಅತ್ತೆ ಮೊರ ಬದಿಗಿಟ್ಟರು. ತಡಕಾಡಿ ನನ್ನ ಮುಂಗೈ ಹಿಡಿದರು. "ಇಲ್ಲಿ ಕೇಳು. ನಾ ಕೂಗಿದ್ದು ಸೇಡಂ ಸ್ಟೇಷನ್ ತನಕ ಮುಟ್ಟಿರಬೇಕು. ನಿಂದೂ ಕೂಡ್ಸೇ ಕೂಗೀನಿ. ನನ್ನ ಒಯ್ಯಿ ಅಂದೆ. ಒಯ್ಲಿಲ್ಲ. ಇದ್ದೀನಿ ನೋಡು, ಗುಂಡಕಲ್ಲಿನಂಗ! ತಾಯಿಗಿ ಕೇಳಿಸ್ತು, ಕಸ್ತೂರಿ. ಕೇಳಿಸ್ಲಿಲ್ಲ ಅಂತಲ್ಲ. ಆಕಿ ಕೈಲೆ ಆಗ್ಲಿಲ್ಲ. ಆಕೀನೂ ಹೆಣ್ಣ ಅದಾಳ. ಅವತ್ತು ಆಕೀನೂ ನಮ್ಮ ಸಂಗಾಟ ಅತ್ತಾಳ, ಅಷ್ಟ."

ನಾನು ಆ ದಿನ ಬಾಯಿ ಬಿಟ್ಟು ಅತ್ತೆನೆಂದು ಬರೆಯಬೇಕು. ಮಾತು ಕಟ್ಟಲಿಲ್ಲ, ರಾಗ ಬರಲಿಲ್ಲ, ದನದ ಹಾಗೆ ಒದರಿದೆ. ಪಕ್ಕದ ಕ್ವಾರ್ಟರ್ಸಿನವರು ಓಡಿಬಂದರು. ಅತ್ತೆ ಬಾಗಿಲ ಕಡೆ ಕೈ ಬೀಸಿ "ಏನೂ ಆಗಿಲ್ರಿ, ಹೋಗ್ರಿ. ನಾಕು ವರ್ಷದ ಬಾಕಿ ಅಳ್ಲಿಕತ್ತಾಳ" ಎಂದರು.

ಸಂಜೆ ಟ್ರಂಕು ತೆಗೆದೆ. ಅತ್ತೆ ಸರುವಿನ ಹಾಡು ಹೇಳಿದರು, ಮರೆತಲ್ಲಿ ನೆನಪಿಸುತ್ತ ನಾನು ಬರೆದೆ. ಕನ್ನಡದಲ್ಲೇ ಬರೆಯಬೇಕಿತ್ತು, ಹಾಲಿನ ಕೆನೆಯನ್ನು ಇಂಗ್ಲಿಷಿಗೆ ಒಯ್ದರೆ ಸರು ಮುಖ ತಿರುವುವುದಿಲ್ಲ. ನನ್ನ ಕನ್ನಡ ಅಕ್ಷರ ಕೋಳಿ ಕೆದರಿದಂತೆ. ಒತ್ತು ಎಲ್ಲಿ, ದೀರ್ಘ ಎಲ್ಲಿ ಗೊತ್ತಾಗಲಿಲ್ಲ. ಸರುವಿನ ಒಂದನೇ ಕ್ಲಾಸಿನ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವಳು ಪೆನ್ಸಿಲಿನಿಂದ ತಿದ್ದಿದ ಅಕ್ಷರಗಳ ಮೇಲೆ ನಲವತ್ತು ವರ್ಷದ ನಾನು ಬೆರಳಾಡಿಸಿ ಕಲಿತೆ. ಯಜಮಾನರು ಡ್ಯೂಟಿಯಿಂದ ಬಂದು ಬಾಗಿಲಲ್ಲೇ ನಿಂತರು. ಮರುದಿನ ಎರಡು ಹೊಸ ಪೆನ್ಸಿಲು ತಂದು ಕಾಗದದ ಗಂಟಿನ ಮೇಲಿಟ್ಟು "ಇನ್ನೂ ಬೇಕಾದ್ರ ಹೇಳು" ಎಂದರು.

ಮುಂದಿನ ಅಮಾವಾಸ್ಯೆಗೆ ಅತ್ತೆ ನನ್ನನ್ನು ಗದ್ದುಗೆಗೆ ನಡೆಸಿದರು. ಕಣ್ಣು ಕಾಣದವರು ನನ್ನ ತೋಳು ಹಿಡಿದಿದ್ದರು, ಆದರೆ ನಡೆಸಿದವರು ಅವರೇ. "ಇವತ್ತು ಬಾಯಿ ಬಿಡಲಿಲ್ಲಂದ್ರ ಇಲ್ಲೇ ಬಿಟ್ಟು ಹೋಗ್ತೀನಿ" ಎಂದರು. ಅದೇ ತಣ್ಣನೆಯ ಕಲ್ಲು. ಹಿಂದೆ ಇಪ್ಪತ್ತು ಜನ. ಕೂಗಿದೆ.

"ತಾಯೀ, ನಾ ವಾಡಿ ಕಸ್ತೂರಿ! ನನಗ ಬರೀಲಿಕ್ಕ ಕೊಡು!"

ಹಿಂದೆ ಯಾರೋ ಕಿಸಕ್ಕೆಂದರು. "ಎಲ್ಲಾರೂ ಗಂಡು ಕೂಸು ಬೇಡ್ತಾರ, ಈಕಿ ನೋಡವ್ವ, ಸಾಲಿ ಮಾಸ್ತರಗತೆ!" ಅತ್ತೆ ತಿರುಗಿ "ನಿನ್ನ ಸರದಿ ಬಂದಾಗ ನೀ ಬೇಡಕೋ ತಂಗಿ, ನಾ ನಗಂಗಿಲ್ಲ" ಎಂದರು.

ನಾನು ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಸಾಲಿನಲ್ಲಿದ್ದ ಒಬ್ಬಾಕೆ ನನ್ನ ಕೈ ಹಿಡಿದಳು. ಸುಲೇಪೇಟದ ಬಸಮ್ಮ. ಅದಕ್ಕೂ ಮೊದಲು ನಾನು ಆಕೆಯನ್ನು ಕಂಡಿರಲಿಲ್ಲ.

"ಅಕ್ಕಾ, ಖರೇನೇ ಬರೀತೀರೇನು? ನಮ್ಮವ್ವ ಊರಿಗೇ ಹಾಡಿ ಅಳಾಕಿ ಇದ್ಳು. ಯಾರ ಮನ್ಯಾಗ ಸತ್ರೂ ಆಕಿನ್ನೇ ಕರೀತಿದ್ರು. ಈಗ ಹಾಸಿಗಿ ಹಿಡದಾಳ. ಆಕಿ ಹೋದ್ರ ಆ ಹಾಡೆಲ್ಲಾ ಆಕಿ ಸಂಗಾಟ ಹೋಗ್ತಾವ. ಬಂದು ಬರ್ಕೊಳ್ರಿ, ನಿಮಗ ಪುಣ್ಯ ಬರ್ತದ."

ಬರುತ್ತೇನೆಂದು ಹೇಳಿ ಆಕೆಯ ಮನೆಯ ಗುರುತು ಕೇಳಿಕೊಂಡೆ. ಬಾಯಿ ಬಿಟ್ಟು ಬೇಡುವುದು ಏಕೆಂದು ನನಗೆ ಆಗ ತಿಳಿಯಿತು. ತಾಯಿಗೆ ಕಿವಿ ಕೇಳುತ್ತದೋ ಇಲ್ಲವೋ, ನಾನೇನು ಬಲ್ಲೆ. ಆದರೆ ಕೂಗಿದ್ದು ಹಿಂದೆ ನಿಂತವರಿಗೆ ಕೇಳುತ್ತದೆ. ಕೊಡುವವಳು ಅವರ ಕೈಯಿಂದ ಕೊಡುತ್ತಾಳೆ. ಮನಸ್ಸಿನಲ್ಲೇ ಬೇಡಿದ್ದರೆ ಬಸಮ್ಮ ತನ್ನ ತೆಂಗಿನಕಾಯಿ ಒಡೆಸಿಕೊಂಡು ಸುಮ್ಮನೆ ಸುಲೇಪೇಟದ ಬಸ್ಸು ಹತ್ತುತ್ತಿದ್ದಳು.

ಆಮೇಲಿನ ಏಳು ವರ್ಷ ಒಂದೇ ಕೆಲಸ. ವಾಡಿಯಿಂದ ಚಿತ್ತಾಪುರ ದಾಟಿ ಸೇಡಮಿಗೆ ರೈಲು, ಸೇಡಮಿನಿಂದ ಸುಲೇಪೇಟಕ್ಕೆ ಬಸ್ಸು. ಬಸಮ್ಮನ ತಾಯಿ ಮಲಗಿದ್ದಲ್ಲೇ ಸೂರು ನೋಡುತ್ತ ಹೇಳಿದಳು, ನಾನು ಫಾರಂಗಳ ಹಿಂಬದಿಯಲ್ಲಿ ಬರೆದೆ. ಮೂರನೆಯ ಭೇಟಿಗೆ ಹೋದಾಗ ಮಂಚ ಖಾಲಿ ಇತ್ತು. ಅವಳ ಹೆಣದ ಮುಂದೆ ಅವಳದೇ ಹಾಡು ಹಾಡಿ ಅತ್ತರಂತೆ. ಅಲ್ಲಿಂದ ಚಿಂಚೋಳಿಯ ಹಳ್ಳಿಗಳಿಗೆ ಹೋದೆ. ಅಲ್ಲಿ ಅರ್ಧ ಹಾಡು ತೆಲುಗಿನಲ್ಲಿ ಅಳುತ್ತಾರೆ. ಚಂದ್ರಂಪಳ್ಳಿಯ ಒಬ್ಬ ಮುದುಕಿ ಸತ್ತ ಎತ್ತಿಗೆ ಅತ್ತ ಹಾಡು ಕೊಟ್ಟಳು. ಗಂಡನಿಗೆ ಅತ್ತದ್ದು ಕೊಡು ಎಂದರೆ "ಅವಗ ನಾ ಅತ್ತಿಲ್ಲ, ಹೊಡಿತಿದ್ದ" ಎಂದಳು. ಎಲ್ಲಿ ಹೋದರೂ ಸಾವಿನದೇ ಮಾತು. ಕೆಲವು ಸಲ ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ಹಣೆ ಆನಿಸಿ, ಇಷ್ಟೊಂದು ತಾಯಂದಿರ ಭಾರ ನಾನೇಕೆ ಹೊತ್ತೆ ಎಂದು ನಡುಗಿದ್ದೇನೆ. ನಮ್ಮಂಥ ಸಾವಿರ ಹೊಟ್ಟೆಗಳಲ್ಲಿ ನನ್ನದೂ ಒಂದು, ಅಷ್ಟೇ ಎನ್ನುವುದು ಸಮಾಧಾನ ಅಲ್ಲ. ಆದರೆ ಅದು ಒಂಟಿತನವೂ ಅಲ್ಲ.

ಒಂದು ದಿನ ಅತ್ತೆ ಕೇಳಿದರು. "ಊರವರ ಹಾಡೆಲ್ಲಾ ಬರದಿ. ನಾ ಸತ್ರ ನೀ ಏನಂತ ಅಳ್ತೀ?"

"ಬಿಡ್ತು ಅನ್ರಿ ಅತ್ತಿ."

"ಬಿಡ್ತು ಯಾಕ? ಸತ್ತಮ್ಯಾಲ ನಾ ಹ್ಯಾಂಗ ಕೇಳ್ಲಿ? ನಿನಗ ಹಾಡಲಿಕ್ಕಂತೂ ಬರಂಗಿಲ್ಲ. ಬರದು ಈಗೇ ಓದು."

ಒಂದು ವಾರ ಹಿಡಿಯಿತು. ಓದಲು ಕುಳಿತೆ. ಅಷ್ಟರಲ್ಲಿ ಅವರಿಗೆ ಕಿವಿಯೂ ಮಂದವಾಗಿತ್ತು, ಕೂಗಿ ಓದಬೇಕಿತ್ತು. ಹೊನ್ನಿನಂಥ ಮನಸ್ಸಿನಾಕಿ, ಸೊಸೆಯನ್ನು ಮಗಳಂತೆ ಕಂಡಾಕಿ ಎನ್ನುತ್ತಿದ್ದಂತೆ ಕೈ ಎತ್ತಿ ನಿಲ್ಲಿಸಿದರು.

"ಸುಳ್ಳ ಬರೀಬ್ಯಾಡ. ನಾ ಅಷ್ಟ ಚಲೋ ಇದ್ದಿಲ್ಲ. ನಿನ್ನ ಇಂಗ್ಲಿಷ ಪುಸ್ತಕ ಇತ್ತಲ್ಲ, ನೀಲಿ ರಟ್ಟಿಂದು? ಇಲಿ ತಿಂದಿಲ್ಲ. ನಾನೇ ಒಲಿಗಿ ಹಾಕೀನಿ. ಅದನ್ನೂ ಹಾಕು ಹಾಡಿನಾಗ."

"ಗೊತ್ತಿತ್ರಿ ಅತ್ತಿ."

"ಗೊತ್ತಿತ್ತು? ಗೊತ್ತಿದ್ದೂ ಬಾಯಿ ಬಿಡ್ಲಿಲ್ಲೇನು ಇಪ್ಪತ್ತೈದು ವರ್ಷ!" ಹಣೆ ಹಣೆ ಬಡಿದುಕೊಂಡು ನಕ್ಕರು. ಆಮೇಲೆ ಮೆಲ್ಲಗೆ "ಬೂದಿ ನೋಡಿ ಆವಾಗೇ ತಪ್ಪ ಮಾಡಿದೆ ಅನಸಿತ್ತು" ಎಂದರು.

ಅದನ್ನೂ ಸೇರಿಸಿದೆ. ಪೂರ್ತಿ ಓದಿಸಿಕೊಂಡು, ಎರಡು ಕಡೆ ಮಾತು ಬದಲಿಸಿ, "ಈಗ ಸಾಯಲಿಕ್ಕ ಅಡ್ಡಿ ಇಲ್ಲ" ಎಂದರು.

ಪುಸ್ತಕ ಅಚ್ಚು ಮಾಡಲು ಕಲಬುರಗಿಯ ಒಂದು ಸಣ್ಣ ಪ್ರೆಸ್ಸಿನವರು ಕಡೆಗೂ ಒಪ್ಪಿದರು. "ಅಳೋ ಹಾಡು ಯಾರು ಓದ್ತಾರ್ರಿ?" ಎಂದು ಎರಡು ಸಲ ತಿರುಗಿ ಕಳಿಸಿದ್ದರು. ಮೂರನೆಯ ಸಲ ನಾನು ಹಾಳೆಗಳನ್ನು ಮುಚ್ಚಿಕೊಂಡು ಎದ್ದು ಬರಲಿಲ್ಲ, ಅವರ ಮೇಜಿನ ಮುಂದೆ ಸರುವಿನ ಹಾಡನ್ನು ಬಾಯಿ ಬಿಟ್ಟು ಓದಿದೆ. ಒಳಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಆದರೆ ಮೊದಲ ಪ್ರೂಫು ನೋಡಿದರೆ, ಕಂಪೋಜಿಟರು ನಮ್ಮ ಮಾತನ್ನೆಲ್ಲ ಗ್ರಂಥದ ಮಾತಿಗೆ ತಿದ್ದಿಟ್ಟಿದ್ದರು. ಕೆನಿ ಹೋಗಿ ಕೆನೆ, ಯವ್ವ ಹೋಗಿ ಅಮ್ಮ. ನಾನೇ ಹೋಗಿ ಕೂಡಬೇಕಾಯಿತು. ಆರು ದಿನ ಕಲಬುರಗಿಯಲ್ಲಿ ತಂಗಿ, ಒಂದೊಂದು ಹಾಳೆಯನ್ನೂ ತಿರುಗಿ ತಿದ್ದಿಸಿದೆ.

ಏಳನೆಯ ದಿನ ವಾಡಿಯಿಂದ ಸ್ಟೇಷನ್ ಫೋನಿಗೆ ಅತ್ತೆಯ ಸುದ್ದಿ ಬಂತು. ಪ್ರೆಸ್ಸಿನ ವಿಳಾಸ ಹುಡುಕಿ ರೈಲ್ವೆಯವರು ಬಂದು ಹೇಳುವಷ್ಟರಲ್ಲಿ ಮಧ್ಯಾಹ್ನ. ವೈಶಾಖದ ಬಿಸಿಲು, ಕಾಯಲು ಆಗುವಂತಿರಲಿಲ್ಲ. ನಾನು ಆಡಕಿ ಮುಟ್ಟಿದಾಗ ಬದುವಿನಲ್ಲಿ ಸರುವಿನ ಪಕ್ಕ ಹೊಸ ಮಣ್ಣು. ಮಲ್ಲಮ್ಮ ಇದ್ದಳು, ಅವಳೂ ಮುದುಕಿಯಾಗಿದ್ದಳು. "ಮಾರಿ ಸೈತ ನೋಡ್ಲಿಲ್ಲಲ್ಲವ್ವ, ಹಾಡಿ ಅಳಲಿಕ್ಕೂ ಸಿಗ್ಲಿಲ್ಲಲ್ಲ" ಎಂದು ನನ್ನ ಕೊರಳಿಗೆ ಬಿದ್ದಳು. ಕೊರಳಿಗೆ ಬಿದ್ದವಳನ್ನು ನಾನೂ ಹಿಡಿದುಕೊಂಡೆ. "ಆಕಿಗಿ ಕೇಳಿಸೀನಿ ಮಲ್ಲಮ್ಮ" ಎಂದೆ. "ಮೊದ್ಲೇ ಕೇಳಿಸೀನಿ."

ತಾಯಂದಿರೇ, ಇದು ನನ್ನ ಅನುಭವ. ನನ್ನ ಮಗು ತಿರುಗಿ ಬರಲಿಲ್ಲ. ಅವಳ ಪ್ರಶ್ನೆಗೆ ಆ ಮಧ್ಯಾಹ್ನ ಉತ್ತರ ಕೊಡಲಿಲ್ಲವೆಂಬುದು ಇಂದಿಗೂ ಬೆಳಗಿನ ಪೂಜೆಯಲ್ಲಿ ನನ್ನ ಅಂಗೈಗೆ ಬರುತ್ತದೆ. ಆದರೆ ಸಿಸ್ಟರ್ ಹೇಳಿದ ಪುಸ್ತಕ ಆಯಿತು, ಅದರಲ್ಲಿ ನನ್ನ ಒಂದೇ ಒಂದು ಹಾಡು ಇದೆ, ಮಿಕ್ಕಿದ್ದೆಲ್ಲ ನಿಮ್ಮ ತಾಯಂದಿರದು, ಅಜ್ಜಿಯರದು. ಅತ್ತೆಯನ್ನು ಅತ್ತು ಕಳಿಸಿಕೊಡುವ ಸಾಲ ನನ್ನ ಮೇಲೆ ಉಳಿಯದ ಹಾಗೆ ನನ್ನ ಹಾಡನ್ನು ಮೊದಲೇ ಓದಿಸಿದವಳು ಕಾಶಮ್ಮ ತಾಯಿಯೇ ಎಂದು ನಾನು ನಂಬಿದ್ದೇನೆ. ಕೈಲೆ ಆದದ್ದನ್ನು ಆಕೆ ಮಾಡಿದಳು, ಆಗದಲ್ಲಿ ನಮ್ಮ ಸಂಗಾಟ ಅತ್ತಳು. ಅಷ್ಟು ಸಾಕು. ನೀವು ಏನೇ ಬೇಡಿ, ನಾಚಿಕೆ ಬಿಟ್ಟು ಬೇಡಿ.

ಅತ್ತೆಯನ್ನು ನಾನು ಕಡೆಯ ಸಲ ಕಂಡದ್ದು ವಾಡಿಯಲ್ಲಿ, ಪ್ರೂಫಿಗೆಂದು ಹೊರಟ ಬೆಳಿಗ್ಗೆ. ಸರು ಕೂಡುತ್ತಿದ್ದ ಹೊಸ್ತಿಲ ಮೇಲೆ ಕುಳಿತಿದ್ದರು. ಕಣ್ಣಿಲ್ಲ, ಕಿವಿ ಅಷ್ಟಕ್ಕಷ್ಟೇ. ಅಂಗೈಯನ್ನು ಫರಸಿಯ ಮೇಲೆ ಊರಿದ್ದರು, ಯಾರ್ಡಿನಲ್ಲಿ ಗಾಡಿ ತಾಗಿದ ನಡುಕ ಅವರಿಗೆ ಕಲ್ಲಿನಿಂದ ತಿಳಿಯುತ್ತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಅವರ ಪಾದ ಮುಟ್ಟಿ ಮೆಲ್ಲಗೆ "ಹೋಗಿ ಬರ್ತೀನ್ರಿ" ಎಂದೆ.

"ಏನಂದಿ? ಬಾಯಿ ಬಿಟ್ಟು ಹೇಳಿ ಹೋಗ!"

ಒಂದೊಂದೇ ವ್ಯಾಗನ್ನಿನ ಸಪ್ಪಳ ದಾಟುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ಕಾದೆ. ಆಮೇಲೆ ಇಡೀ ಕ್ವಾರ್ಟರ್ಸ್ ಸಾಲಿಗೆ ಕೇಳುವಂತೆ ಕೂಗಿದೆ.

"ಅತ್ತೀ, ಹೋಗಿ ಬರ್ತೀನ್ರೀ!"

"ಹಾಂ, ಈಗ ಕೇಳಿಸ್ತು" ಎಂದು, ನಾನು ನಿಂತಿರದ ಕಡೆಗೆ ಮುಖ ಮಾಡಿ, ಕೈ ಎತ್ತಿದರು.